“ಎಲ್ಲಾ ಮರ್ತೋಗ್ಯಾದ್ರಿ ಮೇಡಂ”

ಕಲಬುರಗಿಯಲ್ಲಿ ನಾನು ಆಪ್ತಸಲಹೆಗಾರ್ತಿ. ನನ್ನ ಎದುರು ಕೂತವರ ಕಥೆಗಳು ಬೇರೆ ಬೇರೆ. ಪ್ರಶ್ನೆ ಮಾತ್ರ ಎಷ್ಟೋ ಸಲ ಒಂದೇ: “ಮೇಡಂ, ಸುಮ್ನೆ ಬಿ.ಎಡ್. ಮಾಡಿಬಿಡ್ಲೇನ್ರಿ?” ಕೇಳುವವರು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವರು, ಪಿಎಚ್‌.ಡಿ. ಮುಗಿಸಿದವರು, ಅರ್ಧಕ್ಕೆ ಬಿಟ್ಟವರು. ಮದುವೆ, ಮಗು, ಮನೆಯಲ್ಲಿ ಒಬ್ಬರ ಕಾಯಿಲೆ. ನೋಡುನೋಡುತ್ತ ಐದಾರು ವರ್ಷ ಹೋಗಿರುತ್ತವೆ. ಮನೆ ಹತ್ತಿರದ ಶಾಲೆಯಾದರೆ ಮಕ್ಕಳಿಗೆ ರಜೆ ಇದ್ದಾಗ ತಾಯಿಗೂ ರಜೆ ಅಲ್ವಾ, ಎಲ್ಲರಿಗೂ ಸಮಾಧಾನ. ಪಾಠ ಮಾಡುವ ಆಸೆ ಇದ್ದರೆ ಬಿ.ಎಡ್. ಬಗ್ಗೆ ನನ್ನದೇನೂ ತಕರಾರಿಲ್ಲ. ಆಸೆ ಇಲ್ಲದೆ, ಹೆದರಿ ಹಿಡಿದವರು ಎರಡು ವರ್ಷ ಕಳೆದ ಮೇಲೆ ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಈ ಹೆಣ್ಣುಮಗಳ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 38. ತೊಗರಿಯ ರೋಗಗಳ ಮೇಲೆ ಪಿಎಚ್‌.ಡಿ. ಆಮೇಲೆ ಎಂಟು ವರ್ಷ ಬಿಡುವು. ಈ ‘ಬಿಡುವು’ ಅನ್ನೋ ಮಾತು ಕೇಳಿದರೆ ನನಗೆ ನಗು ಬರುತ್ತದೆ. ಒಬ್ಬಳು ಮಗಳು, ಲಕ್ವಾ ಹೊಡೆದು ಹಾಸಿಗೆ ಹಿಡಿದ ಮಾವ, ಗಂಡನ ವರ್ಗಾವಣೆ. ಆ ಎಂಟು ವರ್ಷದಲ್ಲಿ ಆಕೆಗೆ ಸಿಗದೇ ಇದ್ದದ್ದು ಬಿಡುವು ಒಂದೇ. ಮಾವ ತೀರಿಕೊಂಡು ವರ್ಷವಾದ ಮೇಲೆ ನನ್ನ ಹತ್ತಿರ ಬಂದರು. ಬ್ಯಾಗಿನಲ್ಲಿ ಬಿ.ಎಡ್. ಅರ್ಜಿ ಇತ್ತು.

ಮೊದಲ ಎರಡು ಭೇಟಿಯಲ್ಲಿ ಆಕೆಯದು ಒಂದೇ ಮಾತು. “ಎಲ್ಲಾ ಮರ್ತೋಗ್ಯಾದ್ರಿ ಮೇಡಂ. ಲ್ಯಾಬಿನಾಗ ಪಿಪೆಟ್ ಹಿಡಿದ್ರ ಕೈ ನಡುಗತದೇನೋ.” ನಾನು ಧೈರ್ಯ ಹೇಳಿದೆ. ಅದೇನೂ ಕೆಲಸ ಮಾಡಲಿಲ್ಲ. ಧೈರ್ಯ ಹೇಳುವವರು ಆಕೆಯ ಸುತ್ತ ಬೇಕಾದಷ್ಟು ಜನ ಇದ್ದರು.

ಮೂರನೇ ಭೇಟಿ ಎಳ್ಳಮವಾಸ್ಯೆ ಆದ ಮೇಲೆ. ಹಬ್ಬ ಹೇಗಾಯ್ತು ಅಂತ ಕೇಳಿದೆ, ಸುಮ್ನೆ ಮಾತಿಗೆ. ಆಳಂದ ಕಡೆಯ ಹೊಲಕ್ಕೆ ಎಲ್ಲರೂ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಚೆಲ್ಲಲು, ಹೋಗಿದ್ದರಂತೆ. ತೊಗರಿ ಅಲ್ಲಲ್ಲಿ ಒಣಗಿ ನಿಂತಿತ್ತು. ಭಾವ “ನೆಟಿ ಹತ್ಯಾದ, ಅಂಗಡಿಯವ ಏನೋ ಎಣ್ಣಿ ಕೊಟ್ಟಾನ, ಹೊಡೀಬೇಕು” ಅಂದರು. ನೆಟಿ ಅಂದರೆ ಗಿಡ ಒಣಗುವ ರೋಗ, ಎಣ್ಣಿ ಅಂದರೆ ಸಿಂಪಡಿಸುವ ಔಷಧಿ. ಈಕೆ ಒಂದು ಗಿಡದ ಹತ್ತಿರ ಕೂತರು. ಆ ಗಿಡದ ಒಂದು ಮಗ್ಗುಲು ಒಣಗಿತ್ತು, ಇನ್ನೊಂದು ಮಗ್ಗುಲು ಇನ್ನೂ ಹಸಿರಿತ್ತು.

ಹೇಳುತ್ತ ಹೇಳುತ್ತ ಆಕೆ ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಗಿಡದ ಕಾಂಡದಂತೆ ಹಿಡಿದರು. ಉಗುರಿನಿಂದ ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆದರು. “ಇಲ್ಲಿ ನೇರಳೆ ಪಟ್ಟಿ ಇತ್ರಿ, ಒಣಗಿದ ಮಗ್ಗುಲಿಗೆ ಅಷ್ಟೇ. ಕುಡಗೋಲಿಂದ ಸೀಳಿದೆ, ಒಳಗ ಕರೀ ಗೆರಿ. ಫ್ಯುಸೇರಿಯಂ ಶಿಲೀಂಧ್ರ. ಬಾಜೂಕಿನ ಗಿಡ ಕಿತ್ತಿದೆ, ಅದರಾಗ ಗೆರಿನೇ ಇರಲಿಲ್ಲ. ಬೇರು ಕಟಕ್ ಅಂತ ಮುರೀತು, ಸಿಪ್ಪಿ ಎದ್ದು ಬಂತು. ಅದು ಒಣ ಬೇರುಕೊಳೆ ರೀ, ಬ್ಯಾರೆ ಶಿಲೀಂಧ್ರ. ಊರಾಗ ಎರಡಕ್ಕೂ ನೆಟಿ ಅಂತಾರ. ಒಣಗಿದ ಮ್ಯಾಲ ಯಾವ ಎಣ್ಣಿ ಹೊಡದ್ರೂ ದುಡ್ಡು ದಂಡ. ರೋಗ ಮಣ್ಣಾಗ ಕುಂತಿರತದ. ಫ್ಯುಸೇರಿಯಂ ಇದ್ದಲ್ಲಿ ಮುಂದಿನ ವರ್ಷ ಜೋಳ ಹಾಕಬೇಕು, ಇಲ್ಲಾಂದ್ರ ತಡಕೊಳ್ಳೋ ತಳಿ ಬಿತ್ತಬೇಕು.”

“ಭಾವನಿಗೆ ಹೇಳಿದ್ರಾ?”

“ಇಲ್ರಿ. ಕೈ ತೊಳಕೊಂಡು ಭಜ್ಜಿ ಬಡಿಸಾಕ ಹೋದೆ.”

ಅಷ್ಟು ಹೇಳಿ ಪೆನ್ಸಿಲ್ ಕೆಳಗಿಟ್ಟರು. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಆಮೇಲೆ ನಿಧಾನವಾಗಿ ಕೇಳಿದೆ, “ಮರ್ತಿದ್ದು ಯಾವುದು?” ಆಕೆ ನಗಲಿಲ್ಲ. “ಅದು ಬರೇ ನೋಡಿ ಹೇಳೋದ್ರಿ. ಲ್ಯಾಬ್ ಬ್ಯಾರೆ. ಈಗ ಎಲ್ಲಾರೂ ಜೀನೋಮ್ ಅಂತಾರ.”

ಅದೂ ನಿಜ. ಹಾಗಾಗಿ ಅವತ್ತು ನಾವು ಮಾಡಿದ್ದು ಒಂದು ಸಣ್ಣ ಕೆಲಸ. ಮರೆತದ್ದು ಯಾವುದು, ಆಕೆ ಬಿಟ್ಟ ಮೇಲೆ ಹೊಸದಾಗಿ ಬಂದದ್ದು ಯಾವುದು ಅಂತ ಬೇರೆ ಮಾಡಿ ಬರೆದೆವು. ಮರೆತದ್ದರ ಕೆಳಗೆ ಎರಡೇ ಸಾಲು. ಹೊಸದು ಆರು. ಹೊಸದನ್ನು ಕಲಿಯದೇ ಇರುವುದು ಮರೆವಲ್ಲ. ಲ್ಯಾಬಿನಲ್ಲೇ ಇದ್ದವರೂ ಅದನ್ನು ಕಲಿತೇ ಬಂದಿರುತ್ತಾರೆ.

ಬಿ.ಎಡ್. ಅರ್ಜಿ ಈ ವರ್ಷ ಹಾಕಬೇಡಿ ಅಂತ ಹೇಳಿದೆ. ನನ್ನ ಜೊತೆಯ ಒಬ್ಬರು ಇದಕ್ಕೆ ಬೈದರು. ಆಪ್ತಸಲಹೆಗಾರರು ದಾರಿ ತೋರಿಸಬಾರದು, ಕೇಳಿಸಿಕೊಳ್ಳಬೇಕು ಅಂತ. ನಾನೂ ಅದನ್ನೇ ಕಲಿತವಳು. ಆದರೆ ಮನೆ, ಬೀಗರು, ಓಣಿ ಎಲ್ಲ ಒಂದೇ ಕಡೆ ತಳ್ಳುತ್ತಿರುವಾಗ ನಾನು ಸುಮ್ಮನಿದ್ದರೆ ನಾನೂ ಆ ಕಡೆಯೇ ತಳ್ಳಿದಂತೆ. ದುಡ್ಡಿನ ತೊಂದರೆ ಇದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಆ ಮನೆಯಲ್ಲಿ ಅದು ಇರಲಿಲ್ಲ.

ಬಾಗಿಲುಗಳೂ ಇವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಕಾರ್ಯಕ್ರಮದಲ್ಲಿ ಪಿಎಚ್‌.ಡಿ. ಮುಗಿಸಿದ ಮಹಿಳೆಯರಿಗೆ ವೈಸ್-ಪಿಡಿಎಫ್ ಎಂಬ ಸಂಶೋಧನಾ ಫೆಲೋಶಿಪ್ ಇದೆ, ವಯಸ್ಸಿನ ಮಿತಿ 27ರಿಂದ 60. ಆಕೆ 35ಕ್ಕೇ ಎಲ್ಲ ಮುಗಿಯಿತು ಅಂದುಕೊಂಡಿದ್ದರು. ಬಯೋಟೆಕ್ನಾಲಜಿ ಇಲಾಖೆಯ ಬಯೋಕೇರ್ ಕಾರ್ಯಕ್ರಮ ಕೂಡ ಮಹಿಳಾ ವಿಜ್ಞಾನಿಗಳಿಗೆಂದೇ ಶುರುವಾದದ್ದು. ಆದರೆ ಫೆಲೋಶಿಪ್ ಅಂದರೆ ಕೂರಿಸಿಕೊಳ್ಳುವ ಒಂದು ಲ್ಯಾಬ್ ಬೇಕು. ಅದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ನೆಟೆ ರೋಗ ತಡೆಯುವ ಟಿಎಸ್-3ಆರ್ ತೊಗರಿ ತಳಿ ಬಂದದ್ದು ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದಲೇ. ಪಿಎಚ್‌.ಡಿ.ಯ ಹಳೆಯ ಗೈಡ್‌ಗೆ ಫೋನ್ ಮಾಡಿ ಅಂದೆ. ಅದಕ್ಕೆ ಆಕೆ ಹನ್ನೊಂದು ದಿನ ತೆಗೆದುಕೊಂಡರು. ಗೈಡ್ ಗುರುತು ಹಿಡಿದರು, ಶನಿವಾರ ಬನ್ನಿ ಅಂದರು.

(ಮಗುವಿಗಾಗಿ ಮನೆಯಲ್ಲಿ ಉಳಿದ ಅಪ್ಪಂದಿರೂ ಒಂದಿಬ್ಬರು ಬಂದಿದ್ದಾರೆ. ಅವರಿಗೆ ಈ ಬಾಗಿಲುಗಳಿಲ್ಲ. ಅದು ನನಗೆ ಸರಿ ಅನಿಸುವುದಿಲ್ಲ.)

ಇನ್ನು ಮನೆ. ಗಂಡ ಏನಂತಾರೆ ಅಂದರೆ, “ನಿನಗ ಹೆಂಗ ಬೇಕೋ ಹಂಗ ಮಾಡು ಅಂತಾರ್ರಿ, ಭಾಳ ಒಳ್ಳೆಯವರು.” ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇದರಲ್ಲಿ ಒಪ್ಪಿಗೆ ಇದೆ, ಯಾವ ಕೆಲಸ ಯಾರು ಯಾವ ಗಂಟೆಗೆ ಅನ್ನೋ ಲೆಕ್ಕ ಇಲ್ಲ. ಆತನನ್ನೂ ಕರೆಸಿದೆ. ಒಳ್ಳೆಯವರೇ, ನಿಜ. “ಮಗಳ ಶಾಲೆ ಬಿಡೋದು ಎಷ್ಟಕ್ಕೆ?” ಅಂತ ಕೇಳಿದೆ. ಆತ ಹೆಂಡತಿಯ ಮುಖ ನೋಡಿದರು. ನಾನು ಕಾದೆ. ಆಕೆ ಹೇಳಲು ಬಾಯಿ ತೆರೆದರು, ನಾನು ಕೈ ಮಾಡಿ ತಡೆದೆ. ಅವತ್ತು ಒಪ್ಪಿಗೆಯ ಮಾತು ಬಿಟ್ಟು ಬುಧವಾರ, ಶನಿವಾರಗಳ ಲೆಕ್ಕ ಹಾಕಿದೆವು: ಯಾರು ಕರೆತರುವುದು, ರೊಟ್ಟಿ ಯಾರು ತರುವುದು. ಆಮೇಲೆ ಅತ್ತೆ ಫೋನ್ ಮಾಡಿ, ನೀವು ನಮ್ಮ ಮನೆ ಕೆಡಸ್ಲಿಕತ್ತೀರಿ ಅಂದರು. ಅತ್ತೆಯನ್ನೂ ಮೊದಲೇ ಕೂರಿಸಿ ಮಾತಾಡಬೇಕಿತ್ತು. ಅದು ನನ್ನ ತಪ್ಪು.

ಕೊನೆಯ ಭೇಟಿಗೆ ಫೆಲೋಶಿಪ್ ಅರ್ಜಿ ತಂದಿದ್ದರು. ಎಂಟು ವರ್ಷದ ಬಗ್ಗೆ ಅರ್ಧ ಪುಟ ಬರೆದಿದ್ದರು, ಕ್ಷಮೆ ಕೇಳುವ ಹಾಗೆ. ಒಂದೇ ಸಾಲು ಸಾಕು ಅಂತ ನಾನು ಹೊಡೆದು ಹಾಕುತ್ತ ಹೋದೆ. ಮಾವನ ಆರೈಕೆಯ ಸಾಲಿಗೆ ಬಂದಾಗ ಆಕೆ ಹಾಳೆಯ ಮೇಲೆ ಕೈ ಇಟ್ಟರು.

“ಅದೊಂದು ಇರ್ಲಿ ಬಿಡ್ರಿ ಮೇಡಂ. ನಾ ನೆಪ ಹೇಳಾಕ ಬರೆದಿಲ್ಲ. ಎರಡು ವರ್ಷ ನಾ ಮಾಡಿದ ಕೆಲಸ ಅದು.”

ಆ ಸಾಲನ್ನು ಹಾಗೇ ಬಿಟ್ಟೆ.