ಓದುಗರ ಪ್ರಶ್ನೆ: ಆಟಿಯ ತೇವಕ್ಕೆ ಕರಗುವ ಅಯಸ್ಕಾಂತ

ಪ್ರಶ್ನೆ: ಪದರಪದರವಾಗಿ ಬಿಡಿಸಬಹುದಾದ ಅಯಸ್ಕಾಂತ ವಸ್ತು ಕ್ರೋಮಿಯಂ ಟ್ರೈಅಯೊಡೈಡ್. ಅದರ ಹರಳಿಗೆ ಟೇಪ್ ಹಚ್ಚಿ ಒಂದೆರಡು ಪದರದ ಚೂರು ಎಬ್ಬಿಸುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಂಡದ್ದು ಸ್ವಲ್ಪ ಹೊತ್ತಿನಲ್ಲೇ ಹನಿಹನಿಯಾಗಿ ಒಡೆಯುತ್ತದೆ. ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟರೂ ಉಳಿಯುವುದಿಲ್ಲ. ಏನು ಮಾಡಬೇಕು?
— ಎಂ.ಎಸ್ಸಿ. ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಮಳೆ ಸುರಿಯುವ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುತ್ತದಲ್ಲ, ಇದೂ ಹಾಗೇ ನೀರೆಳೆಯುವ ಲವಣ. ಒಂದು ಪದರದ ದಪ್ಪ ಸುಮಾರು 0.7 ನ್ಯಾನೋಮೀಟರ್, ಆದ್ದರಿಂದ ತಡೆದುಕೊಳ್ಳುವ ಶಕ್ತಿಯೇ ಇಲ್ಲ. ಲೆಕ್ಕ ಹಾಕಿ ನೋಡಿ: 30 ಡಿಗ್ರಿ ಸೆಲ್ಸಿಯಸ್, ಶೇ. 90 ತೇವಾಂಶವಿರುವ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 38,000 ನೀರಿನವು. ಸಿಲಿಕಾ ಜೆಲ್ ತೇವಾಂಶವನ್ನು ಶೇ. 5ಕ್ಕೆ ಇಳಿಸಿದರೂ 2,000 ಉಳಿಯುತ್ತವೆ. ನಿಮಗೆ ಬೇಕಾದದ್ದು ಒಂದಕ್ಕಿಂತ ಕಡಿಮೆ. ಅದು ಆರ್ಗಾನ್ ಅಥವಾ ನೈಟ್ರೋಜನ್ ತುಂಬಿದ ಗ್ಲೋವ್ ಬಾಕ್ಸಿನಲ್ಲಿ (ಹೊರಗಿನಿಂದ ಕೈಗವಸು ತೂರಿಸಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಮಾತ್ರ ಸಾಧ್ಯ.

ಪದರ ಎಬ್ಬಿಸುವುದು, ಹುಡುಕುವುದು, ಮುಚ್ಚುವುದು ಮೂರೂ ಅದರೊಳಗೇ ಆಗಲಿ. ಟಿಶ್ಯೂ, ಟೇಪಿನ ಸುರುಳಿ ಇತ್ಯಾದಿ ತೇವ ಹಿಡಿದಿರುವ ವಸ್ತುಗಳನ್ನು ರಾತ್ರಿಯಿಡೀ ನಿರ್ವಾತದಲ್ಲಿಟ್ಟ ಮೇಲೆಯೇ ಒಳಗೆ ಬಿಡಿ. ಮೈಕ್ರೋಸ್ಕೋಪಿನ ದೀಪ ಮಂದವಿರಲಿ, ಬೆಳಕು ಬಿದ್ದಲ್ಲಿ ನೀರು ಅಯೊಡಿನ್ನನ್ನು ಇನ್ನೂ ಬೇಗ ಕಿತ್ತು ಅದರ ಜಾಗ ಹಿಡಿಯುತ್ತದೆ.

ಮುಚ್ಚಲು ನೀರು ದಾಟದ ಪದರ ಹರಳಾದ ಹೆಕ್ಸಾಗೊನಲ್ ಬೋರಾನ್ ನೈಟ್ರೈಡ್ ಒಳ್ಳೆಯದು, ಕೆಳಗೊಂದು ಮೇಲೊಂದು, ತಲಾ 10ರಿಂದ 30 ನ್ಯಾನೋಮೀಟರ್. ಪಾಲಿಕಾರ್ಬೊನೇಟ್ ಪೊರೆಯ ಮುದ್ರೆಯಿಂದ ಮೊದಲು ಮೇಲಿನ ಮುಚ್ಚಳ ಎತ್ತಿ, ಅದರಿಂದಲೇ ಅಯೊಡೈಡ್ ಪದರ ಎತ್ತಿ, ಎರಡನ್ನೂ ಕೆಳಗಿನದರ ಮೇಲೆ ಇಳಿಸಿ. ಸುಮಾರು 170 ಡಿಗ್ರಿಯಲ್ಲಿ ಪೊರೆ ಬಿಡುತ್ತದೆ, ಉಳಿದ ಅಂಟನ್ನು ಕ್ಲೋರೋಫಾರ್ಮ್ ತೊಳೆಯುತ್ತದೆ. ನೀರು ನುಸುಳುವುದು ಅಂಚಿನಿಂದ, ಹಾಗಾಗಿ ಮುಚ್ಚಳ ಸುತ್ತಲೂ ಕೆಲವು ಮೈಕ್ರೋಮೀಟರ್ ಚಾಚಿರಬೇಕು. ಹೆಚ್ಚಿನವರ ಶ್ರಮ ಹಾಳಾಗುವುದು ಇಲ್ಲೇ.

ಅಳೆಯುವಾಗ ಎರಡು ಸಂಗತಿ ನೆನಪಿಡಿ. ಈ ವಸ್ತು ಅಯಸ್ಕಾಂತವಾಗುವುದು ದಪ್ಪ ಹರಳಾದರೆ 61 ಕೆಲ್ವಿನ್, ಒಂಟಿ ಪದರವಾದರೆ 45 ಕೆಲ್ವಿನ್ನಿನ ಕೆಳಗೆ. 77 ಕೆಲ್ವಿನ್ನಿನ ದ್ರವ ನೈಟ್ರೋಜನ್ ಸಾಲದು, ಹೀಲಿಯಂ ತಂಪೇ ಬೇಕು. ಇನ್ನೊಂದು, ಎರಡು ಪದರದ ಚೂರಿನಲ್ಲಿ ಮೇಲಿನ ಪದರದ ಕಾಂತತೆಯೂ ಕೆಳಗಿನದರ ಕಾಂತತೆಯೂ ಎದುರುಬದುರು ತಿರುಗಿ ಒಂದನ್ನೊಂದು ಅಳಿಸುತ್ತವೆ. ಅಲ್ಲಿ ಸಂಕೇತ ಸಿಗದಿದ್ದರೆ ಚೂರು ಕೆಟ್ಟಿದೆ ಎಂದು ಎಸೆಯಬೇಡಿ.

ಗ್ಲೋವ್ ಬಾಕ್ಸ್ ಇಲ್ಲವೆಂದಾದರೆ ಕ್ರೋಮಿಯಂ ಸಲ್ಫೈಡ್ ಬ್ರೋಮೈಡ್ ಹಿಡಿಯಿರಿ. ಅದು ಗಾಳಿಯಲ್ಲಿ ಬಾಳುತ್ತದೆ, ದಪ್ಪ ಹರಳಿಗೆ 132 ಕೆಲ್ವಿನ್ನಿನವರೆಗೆ ಕಾಂತ ಕ್ರಮವಿದೆ, ನೈಟ್ರೋಜನ್ನೇ ಸಾಕು. ಆದರೆ ಅದರ ಸ್ಪಿನ್‌ಗಳು, ಅಂದರೆ ಪರಮಾಣುಗಳ ಪುಟ್ಟ ಕಾಂತಗಳು, ಪದರದ ಸಮತಲದಲ್ಲಿ ಮಲಗಿರುತ್ತವೆ, ನೇರ ಮೇಲಿನಿಂದ ಲೇಸರ್ ಬಿಟ್ಟು, ಮರಳಿದ ಬೆಳಕಿನ ಧ್ರುವೀಕರಣ ಎಷ್ಟು ತಿರುಗಿತೆಂದು ನೋಡುವ ಕೆರ್ ಅಳತೆಗೆ ಸಿಗವು.

ಪ್ರಶ್ನೆ: ಎರಡು ಆಯಾಮದಲ್ಲಿ ಅಯಸ್ಕಾಂತತೆ ನಿಲ್ಲದು ಎಂದು 1966ರಲ್ಲೇ ಭೌತವಿಜ್ಞಾನಿಗಳಾದ ಮೆರ್ಮಿನ್ ಮತ್ತು ವಾಗ್ನರ್ ಸಾಧಿಸಿದ್ದರು. ಹಾಗಾದರೆ 2017ರಲ್ಲಿ ಒಂಟಿ ಪದರದ ಅಯಸ್ಕಾಂತ ಸಿಕ್ಕಿದ್ದು ಹೇಗೆ?
— ಭೌತಶಾಸ್ತ್ರ ಉಪನ್ಯಾಸಕರು, ಉಡುಪಿ

ಉತ್ತರ: ಆ ಪ್ರಮೇಯಕ್ಕೊಂದು ಷರತ್ತಿದೆ: ಸ್ಪಿನ್‌ಗೆ ಎಲ್ಲ ದಿಕ್ಕೂ ಒಂದೇ ಆಗಿರಬೇಕು. ಆಗ ಸ್ಪಿನ್ ಅಲೆ, ಅಂದರೆ ಸಾಲಿನ ಸ್ಪಿನ್‌ಗಳು ಒಂದರ ಹಿಂದೊಂದು ಓಲಾಡುವ ಅಲೆ, ಏಳಲು ಹೆಚ್ಚುಕಡಿಮೆ ಶಕ್ತಿಯೇ ಬೇಡ, ಸ್ವಲ್ಪ ಬಿಸಿ ತಾಗಿದರೂ ಲೆಕ್ಕವಿಲ್ಲದಷ್ಟು ಅಲೆಗಳೆದ್ದು ಸಾಲು ಕೆಡುತ್ತದೆ. ಕ್ರೋಮಿಯಂ ಅಯೊಡೈಡಿನಲ್ಲಿ ಭಾರದ ಅಯೊಡಿನ್ ಪರಮಾಣುಗಳು ಸ್ಪಿನ್‌ಗಳನ್ನು ಪದರಕ್ಕೆ ನೆಟ್ಟಗೆ ನಿಲ್ಲಿಸುತ್ತವೆ. ಅಲೆ ಏಳಬೇಕಾದರೆ ಈಗ ಕನಿಷ್ಠ ಇಷ್ಟು ಶಕ್ತಿ ತೆರಲೇಬೇಕು, ತಂಪಿನಲ್ಲಿ ಅದು ಹುಟ್ಟುವುದಿಲ್ಲ. ಅಯೊಡಿನ್ನಿನ ಜಾಗದಲ್ಲಿ ಹಗುರದ ಕ್ಲೋರಿನ್ ಬಂದರೆ ಈ ಹಿಡಿತ ಸಡಿಲ, ಸ್ಪಿನ್‌ಗಳೂ ಪದರದೊಳಗೇ ಮಲಗುತ್ತವೆ.