ಎಂಜಿನ್ ಬಿಸಿಯಾದ ಮೇಲೆ ಹಳೇ ಜೀಪಿನ ಆಯಿಲ್ ಲೈಟ್ ಮಿಣುಕುವುದು ಏಕೆ?

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಿದ್ದೂ ಐಡಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) ಲೈಟ್ ಮಿಣುಕಿದರೆ, ಹೆಚ್ಚಾಗಿ ಆ ಲೈಟ್ ಹೊತ್ತಿಸುವ ಆಯಿಲ್ ಪ್ರೆಶರ್ ಸ್ವಿಚ್ ಕೆಟ್ಟಿರುತ್ತದೆ, ಇಲ್ಲವೇ ಎಂಜಿನ್ ಒಳಗೆ ತಿರುಗುವ ಶಾಫ್ಟನ್ನು ಹೊತ್ತಿರುವ ಬೇರಿಂಗ್ ಸವೆದಿರುತ್ತದೆ.

ಪಂಪ್ ಆಯಿಲನ್ನು ತಳ್ಳುತ್ತದೆ ಅಷ್ಟೇ. ಬೇರಿಂಗಿನ ಕೂದಲೆಳೆಯಷ್ಟು ಸಂದಿ ಅದನ್ನು ತಡೆದಾಗಲೇ ಪ್ರೆಶರ್ ಹುಟ್ಟುವುದು. ಸವೆದು ಸಂದಿ ದೊಡ್ಡದಾದರೆ, ಬಿಸಿಗೆ ತೆಳುವಾದ ಆಯಿಲ್ ಸಲೀಸಾಗಿ ಜಾರಿಹೋಗುತ್ತದೆ. ಐಡಲಿಂಗ್‌ನಲ್ಲಿ ಪಂಪ್ ತಿರುಗುವುದೂ ನಿಧಾನ ಅಲ್ವಾ, ಅದಕ್ಕೇ ಆಗಲೇ ಲೈಟ್ ಬರುತ್ತದೆ.

ಊಹೆ ಮಾಡಿ ಎಂಜಿನ್ ಬಿಚ್ಚಿಸಬೇಡಿ. ಸ್ವಿಚ್ ಕಳಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮುಳ್ಳು ನೋಡಿ. 1,000 ಆರ್‌ಪಿಎಂಗೆ (ನಿಮಿಷಕ್ಕೆ 1,000 ಸುತ್ತು) ಸುಮಾರು 10 ಪಿಎಸ್‌ಐ (ಪ್ರೆಶರಿನ ಅಳತೆ) ಎಂಬುದು ಗ್ಯಾರೇಜಿನ ಅಂದಾಜು ಲೆಕ್ಕ. ಅಷ್ಟು ಬಂದರೆ ಸ್ವಿಚ್ ಬದಲಿಸಿ ಸಾಕು. ಬರದಿದ್ದರೆ ಸುಮ್ನೆ ದಪ್ಪ ಆಯಿಲ್ ಸುರಿದು ಓಡಿಸಬೇಡಿ, ಬೇರಿಂಗ್, ಪಂಪ್ ಎರಡನ್ನೂ ನೋಡಿಸಿ. ಲೈಟ್ ಆರದೇ ಉರಿದರೆ ಮಾತ್ರ ಆ ಕ್ಷಣವೇ ಎಂಜಿನ್ ನಿಲ್ಲಿಸಿ.