‘ವಿಂಡ್’, ‘ವೈಂಡ್’ ಮತ್ತು ಷೆಲ್ಲಿಯ ಪ್ರಾಸ
(ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ಮಾನ್ಯರೇ,

ತಮ್ಮ ಪತ್ರ ತಲುಪಿತು. ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ತಮ್ಮ ಮಗಳು ಪಶ್ಚಿಮದ ಗಾಳಿಯನ್ನು ಕುರಿತ ಷೆಲ್ಲಿಯ ಪ್ರಸಿದ್ಧ ಕವಿತೆಯನ್ನು ಗಟ್ಟಿಯಾಗಿ ಓದುತ್ತ, ಕೊನೆಯಲ್ಲಿ ‘ವಿಂಡ್’ ಎಂಬುದಕ್ಕೆ ‘ಬಿಹೈಂಡ್’ ಪ್ರಾಸವಾಗಿ ಬಂದದ್ದನ್ನು ಕಂಡು ತಡವರಿಸಿದಳೆಂದೂ, ಇಷ್ಟು ದೊಡ್ಡ ಕವಿಗೆ ಪ್ರಾಸ ಕೂಡಿಸಲು ಬರಲಿಲ್ಲವೇ ಎಂದು ತಮ್ಮನ್ನು ಕೇಳಿದಳೆಂದೂ ಬರೆದಿದ್ದೀರಿ. ತಮ್ಮೂರಿನ ಗುಡ್ಡದ ಮೇಲೆ ತಿರುಗುವುದು ‘ವಿಂಡ್‌ಮಿಲ್’, ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರನ್ನು ಒಯ್ದುಕೊಡುವುದು ‘ರೀವೈಂಡಿಂಗ್’ ಅಂಗಡಿಗೆ. ಎರಡರ ನಡುವೆ ಇರುವ ನಾಲ್ಕು ಇಂಗ್ಲಿಷ್ ಅಕ್ಷರಗಳು ಒಂದೇ ಆಗಿರುವಾಗ ಉಚ್ಚಾರಣೆ ಏಕೆ ಬೇರೆ ಎಂಬುದು ತಮ್ಮ ಎರಡನೆಯ ಪ್ರಶ್ನೆ. ಗಾಳಿ ಸುತ್ತುತ್ತದೆ, ಆದ್ದರಿಂದ ಸುತ್ತುವ ಕೆಲಸಕ್ಕೂ ಅದೇ ಹೆಸರಾಯಿತು ಎಂಬ ತಮ್ಮ ಮಿತ್ರರ ವಿವರಣೆ ಸರಿಯೇ ಎಂಬುದು ಮೂರನೆಯದು. ಗಾಯ ಎಂಬ ಅರ್ಥದ ‘ವೂಂಡ್’ ಬಗ್ಗೆಯೂ ಒಂದು ಸಾಲು ಸೇರಿಸಿದ್ದೀರಿ. ಎಲ್ಲಕ್ಕೂ ಉತ್ತರಿಸುವಷ್ಟು ಜಾಗ ಈ ಸಂಚಿಕೆಯಲ್ಲಿ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮಿತ್ರರ ವಿವರಣೆಯನ್ನು ಮೊದಲು ನೋಡೋಣ. ಅದು ಕೇಳಲು ಚೆನ್ನಾಗಿದೆ, ಸುಂಟರಗಾಳಿಯನ್ನು ಕಂಡವರಿಗೆ ಸಹಜವೂ ಅನ್ನಿಸುತ್ತದೆ, ಆದರೆ ನಿಜವಲ್ಲ. ಗಾಳಿಯ ‘ವಿಂಡ್’ ಮತ್ತು ಸುತ್ತುವ ‘ವೈಂಡ್’ ಹುಟ್ಟಿನಿಂದಲೇ ಬೇರೆ ಬೇರೆ ಪದಗಳು. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಮೊದಲನೆಯದು ‘ವಿಂಡ್’ ಎಂಬ ನಾಮಪದ, ಎರಡನೆಯದು ‘ವಿಂಡಾನ್’ ಎಂಬ ಕ್ರಿಯಾಪದ. ನಾಮಪದದ ನಂಟರು ಯೂರೋಪಿನಿಂದ ಭಾರತದವರೆಗೆ ಹರಡಿದ್ದಾರೆ. ಜರ್ಮನ್ ಭಾಷೆಯ ‘ವಿಂಟ್’, ವೇಲ್ಸಿನ ‘ಗ್ವಿಂಟ್’, ಲ್ಯಾಟಿನ್ನಿನ ‘ವೆಂಟುಸ್’ ಎಲ್ಲವೂ ಒಂದೇ ಮೂಲದವು. ಬೀಸು ಎಂಬ ಅರ್ಥದ ಆ ಮೂಲಧಾತು ಸಂಸ್ಕೃತದಲ್ಲಿ ‘ವಾ’ ಎಂದು ಉಳಿದಿದೆ. ನಾವು ದಿನನಿತ್ಯ ಬಳಸುವ ವಾಯು, ವಾತ, ವಾತಾವರಣ ಎಂಬ ಪದಗಳು ಅದರಿಂದಲೇ ಬಂದವು. ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ವೆಂಟಿಲೇಟರ್ ಲ್ಯಾಟಿನ್ನಿನ ‘ವೆಂಟುಸ್’ ಕಡೆಯಿಂದ ಬಂದದ್ದು, ಆಯುರ್ವೇದದ ವಾತ ಸಂಸ್ಕೃತದ ಕಡೆಯಿಂದ ಬಂದದ್ದು. ಇಬ್ಬರು ವೈದ್ಯರೂ ಒಪ್ಪಲಿ ಬಿಡಲಿ, ಪದಗಳು ದಾಯಾದಿಗಳು. ನಮ್ಮ ‘ಗಾಳಿ’ಗೆ ಮಾತ್ರ ಈ ಮನೆತನದೊಡನೆ ಸಂಬಂಧವಿಲ್ಲ, ಅದು ತೆಲುಗಿನ ‘ಗಾಲಿ’ಯ ಜೊತೆಗೆ ದ್ರಾವಿಡ ಕುಲಕ್ಕೆ ಸೇರಿದ್ದು.

‘ವಿಂಡ್’, ‘ವೆಂಟುಸ್’ ಎಂಬಲ್ಲಿ ನಕಾರ ಕೇಳಿಸುತ್ತದೆ, ‘ವಾತ’ದಲ್ಲಿ ಕೇಳಿಸುವುದಿಲ್ಲವಲ್ಲ ಎಂದು ತಮಗೆ ಸಂದೇಹ ಬರಬಹುದು. ಮೂಲರೂಪದಲ್ಲಿ ಆ ನಕಾರ ಸ್ವರದ ಸ್ಥಾನದಲ್ಲಿ ನಿಂತಿತ್ತು. ಅಂತಹ ನಕಾರ ಸಂಸ್ಕೃತದಲ್ಲಿ ಅಕಾರವಾಗುವುದು ನಿಯಮ. ಹೀಗಾಗಿ ‘ವಾತ’ ಮೊದಲಿಗೆ ‘ವಅತ’ ಎಂಬಂತೆ ಮೂರು ಅಕ್ಷರಗಳ ಪದವಾಗಿದ್ದಿರಬೇಕು. ಋಗ್ವೇದದ ಕೆಲವು ಸಾಲುಗಳಲ್ಲಿ ಛಂದಸ್ಸು ಸರಿಹೋಗಬೇಕಾದರೆ ಈ ಪದವನ್ನು ಮೂರಕ್ಷರವಾಗಿಯೇ ಎಣಿಸಬೇಕಾಗುತ್ತದೆ. ಬರೆಹದಲ್ಲಿ ಅಳಿಸಿಹೋದ ಉಚ್ಚಾರಣೆಯನ್ನು ಪದ್ಯದ ಲೆಕ್ಕಾಚಾರ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಷೆಲ್ಲಿಯ ಪ್ರಾಸಕ್ಕೂ ಈ ಮಾತು ಅನ್ವಯಿಸುತ್ತದೆ.

ಸುತ್ತುವ ಅರ್ಥದ ‘ವಿಂಡಾನ್’ ಕ್ರಿಯಾಪದದ ಬಳಗವೇ ಬೇರೆ. ತಿರುಗು, ತಿರುಚು, ಹೆಣೆ, ಬಳಸು ಎಂಬ ಅರ್ಥಗಳೆಲ್ಲ ಅದಕ್ಕಿದ್ದವು. ಅಲೆದಾಡು ಎಂಬ ಅರ್ಥದ ‘ವಾಂಡರ್’ ಅದರ ಸಂಬಂಧಿ. ದಾರಿ ಹಿಡಿದು ಹೋಗು ಎಂಬ ಅರ್ಥದ ‘ವೆಂಡ್’ ಕೂಡ ಅದರದೇ ಪ್ರೇರಣಾರ್ಥಕ ರೂಪ. ಅದರ ಭೂತಕಾಲವಾದ ‘ವೆಂಟ್’ ಈಗ ‘ಗೋ’ ಎಂಬುದರ ಭೂತಕಾಲವಾಗಿ ದತ್ತು ಹೋಗಿದೆ. ಮಕ್ಕಳು ‘ಗೋ’ದಿಂದ ‘ವೆಂಟ್’ ಹೇಗಾಯಿತು ಎಂದು ಕೇಳಿದರೆ ಕೊಡಬೇಕಾದ ಉತ್ತರ ಇದೇ. ಭಾರ ಎತ್ತಲು ಹಗ್ಗ ಸುತ್ತುವ ರಾಟೆಯಂತಹ ‘ವಿಂಡ್‌ಲಸ್’ ಎಂಬ ಸಾಧನದ ಹೆಸರಿನಲ್ಲಿಯೂ ಇರುವುದು ಸುತ್ತುವ ಕ್ರಿಯೆಯೇ ಹೊರತು ಗಾಳಿಯಲ್ಲ. ಅದು ಸ್ಕ್ಯಾಂಡಿನೇವಿಯಾದ ನಾರ್ಸ್ ಭಾಷೆಯಿಂದ ಬಂದ ಪದ. ಉಚ್ಚಾರಣೆಯನ್ನು ನಂಬಿ ಅರ್ಥ ಹೇಳಹೊರಟವರು ಇಲ್ಲಿ ಎಡವುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೆಯ ಇಂಗ್ಲಿಷಿನಲ್ಲಿ ಎರಡೂ ಪದಗಳ ಇಕಾರ ಮೊದಲಿಗೆ ಹ್ರಸ್ವವಾಗಿಯೇ ಇತ್ತು. ಆ ಕಾಲಘಟ್ಟದ ಕೊನೆಯ ಭಾಗದಲ್ಲಿ ‘ಂಡ್’, ‘ಲ್ಡ್’, ‘ಂಬ್’ ಎಂಬ ಒತ್ತುಗಳ ಹಿಂದಿನ ಹ್ರಸ್ವ ಸ್ವರಗಳು ದೀರ್ಘವಾಗತೊಡಗಿದವು. ‘ಫಿಂಡ್’ ಎಂಬುದು ‘ಫೀಂಡ್’ ಆಯಿತು, ‘ಬ್ಲಿಂಡ್’ ಎಂಬುದು ‘ಬ್ಲೀಂಡ್’ ಆಯಿತು. ಅವುಗಳ ಜೊತೆಯಲ್ಲಿ ಗಾಳಿಯೂ ಸುತ್ತುವ ಕ್ರಿಯೆಯೂ ‘ವೀಂಡ್’ ಎಂದಾದವು. ಆಮೇಲೆ, ಸುಮಾರು 1400ರಿಂದ 1700ರವರೆಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸಾಲಾಗಿ ತಮ್ಮ ಸ್ಥಾನ ಬಿಟ್ಟು ಸರಿದವು. ಭಾಷಾಶಾಸ್ತ್ರಜ್ಞರು ಮಹಾ ಸ್ವರಪಲ್ಲಟವೆಂದು ಕರೆಯುವ ಈ ಬದಲಾವಣೆಯಲ್ಲಿ ‘ಈ’ಕಾರ ‘ಐ’ಕಾರವಾಯಿತು. ‘ಫೈಂಡ್’, ‘ಬ್ಲೈಂಡ್’, ‘ಮೈಂಡ್’, ‘ಕೈಂಡ್’, ‘ಬಿಹೈಂಡ್’ ಎಂಬ ಇಂದಿನ ರೂಪಗಳು ಬಂದದ್ದು ಹೀಗೆ. ಗಾಳಿಯೂ ಈ ಸಾಲಿನಲ್ಲೇ ಇತ್ತು. ಅದೂ ‘ವೈಂಡ್’ ಆಗಿತ್ತು. ಅಂದರೆ ಹುಟ್ಟಿನಿಂದ ಬೇರೆಯಾಗಿದ್ದ ಎರಡು ಪದಗಳು ಕೆಲವು ಶತಮಾನಗಳ ಕಾಲ ಬರೆಹದಲ್ಲೂ ಬಾಯಲ್ಲೂ ಒಂದೇ ಆಗಿದ್ದವು.

ಷೇಕ್ಸ್‌ಪಿಯರ್ 1600ರ ಸುಮಾರಿನ ತನ್ನ ನಾಟಕವೊಂದರ ಹಾಡಿನಲ್ಲಿ ಚಳಿಗಾಲದ ಗಾಳಿಯನ್ನು ಕರೆದು, ನೀನು ಮನುಷ್ಯನ ಕೃತಘ್ನತೆಯಷ್ಟು ಕ್ರೂರಿಯಲ್ಲ ಎನ್ನುವಾಗ ‘ವೈಂಡ್’ ಎಂಬುದಕ್ಕೆ ‘ಅನ್‌ಕೈಂಡ್’ ಎಂಬುದನ್ನು ಪ್ರಾಸವಾಗಿ ಇಟ್ಟಿದ್ದಾನೆ. ಆತನ ಕಾಲಕ್ಕೆ ಅದು ಕಿವಿಗೆ ನೇರವಾಗಿ ಒಪ್ಪುವ ಪ್ರಾಸ. ಹಾಗಾದರೆ ಕೇಳಬೇಕಾದ ಪ್ರಶ್ನೆ ಕವಿಗಳು ಏಕೆ ತಪ್ಪಿದರು ಎಂಬುದಲ್ಲ. ‘ಮೈಂಡ್’, ‘ಫೈಂಡ್’ ಮುಂತಾದವೆಲ್ಲ ನಿಯಮಕ್ಕೆ ಬದ್ಧವಾಗಿ ಉಳಿದಾಗ ಗಾಳಿಯೊಂದೇ ಏಕೆ ಸಾಲು ಬಿಟ್ಟು ಹಿಂದಕ್ಕೆ ಹೋಯಿತು ಎಂಬುದು.

ಇದಕ್ಕೆ ಸಾಮಾನ್ಯವಾಗಿ ಒಪ್ಪಿರುವ ಕಾರಣವೊಂದಿದೆ. ದೀರ್ಘವಾಗಬೇಕಿದ್ದ ಸ್ವರವು, ಪದ ಉದ್ದವಾಗಿ ಮುಂದೆ ಮತ್ತಷ್ಟು ವ್ಯಂಜನಗಳು ಸೇರಿದಾಗ, ಹ್ರಸ್ವವಾಗಿಯೇ ಉಳಿಯುವುದು ಇಂಗ್ಲಿಷಿನ ವಾಡಿಕೆ. ‘ಚೈಲ್ಡ್’ ಆದರೂ ಬಹುವಚನ ‘ಚಿಲ್ಡ್ರನ್’. ‘ವೈಲ್ಡ್’ ಆದರೂ ಅಡವಿ ‘ವಿಲ್ಡರ್‌ನೆಸ್’. ‘ಕೈಂಡ್’ ಆದರೂ ಬಂಧುಬಳಗ ‘ಕಿಂಡ್ರೆಡ್’. ಇದೇ ರೀತಿ ಗಾಳಿಯ ಗಿರಣಿಗೆ ‘ವಿಂಡ್‌ಮಿಲ್’ ಎಂಬ ಹ್ರಸ್ವವೇ ನಿಂತಿತು. ಹಿಟ್ಟು ಬೀಸುವ ಗಿರಣಿಯ ಹೆಸರು, ಗಾಳಿ ಬೀಸುವ ದಿನವೆಂಬ ಅರ್ಥದ ‘ವಿಂಡಿ’ ಇವೆಲ್ಲ ಜನರ ಬಾಯಲ್ಲಿ ಸದಾ ಓಡಾಡುತ್ತಿದ್ದುದರಿಂದ ಅವುಗಳ ಹ್ರಸ್ವ ಸ್ವರ ಮೂಲಪದಕ್ಕೂ ಅಂಟಿಕೊಂಡಿತು. ತಮ್ಮೂರಿನ ಗುಡ್ಡದ ಮೇಲಿನ ಯಂತ್ರದ ಹೆಸರೇ ಗಾಳಿಯ ಉಚ್ಚಾರಣೆಯನ್ನು ಬದಲಾಯಿಸಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಕ್ರಿಯಾಪದಕ್ಕೆ ಅಂತಹ ಜೊತೆಗಾರ ಪದಗಳ ಒತ್ತಾಸೆ ಇರಲಿಲ್ಲ. ಅದು ‘ವೈಂಡ್’ ಎಂದೇ ಉಳಿಯಿತು.

ಈ ಬದಲಾವಣೆ ಸದ್ದಿಲ್ಲದೆ ಆದದ್ದಲ್ಲ. 18ನೆಯ ಶತಮಾನದ ವಿದ್ಯಾವಂತರು ಇದರ ಮೇಲೆ ಜಗಳವನ್ನೇ ಆಡಿದ್ದಾರೆ. ಜಾನ್ ವಾಕರ್ ಎಂಬಾತ 1791ರಲ್ಲಿ ಪ್ರಕಟಿಸಿದ ಉಚ್ಚಾರಣಾ ಕೋಶದಲ್ಲಿ ಈ ಪದದ ಕೆಳಗೆ ಒಂದು ಕಥೆಯನ್ನೇ ಬರೆದಿದ್ದಾನೆ. ಗಾಳಿಯನ್ನು ‘ವಿಂಡ್’ ಎನ್ನುವವರನ್ನು ಕಂಡರೆ ವಿಡಂಬನೆಗೆ ಹೆಸರಾದ ಲೇಖಕ ಜೊನಾಥನ್ ಸ್ವಿಫ್ಟ್ ಅಣಕಿಸುತ್ತಿದ್ದನಂತೆ: ನೀವು ಹಾಗೇಕೆ ಹೇಳುತ್ತೀರೆಂದು ಕಂಡುಹಿಡಿಯುವ ಮನಸ್ಸು ನನಗೂ ಬಹಳವಾಗಿದೆ ಎನ್ನುವಾಗ ಬೇಕೆಂದೇ ‘ಮೈಂಡ್’ ಎಂಬುದನ್ನು ‘ಮಿಂಡ್’ ಎಂದೂ ‘ಫೈಂಡ್’ ಎಂಬುದನ್ನು ‘ಫಿಂಡ್’ ಎಂದೂ ಉಚ್ಚರಿಸುತ್ತಿದ್ದನಂತೆ. ಸ್ವಿಫ್ಟನ ಈ ಮಾತನ್ನು ದಾಖಲಿಸಿದವನು ಕೋಶಕಾರ ಥಾಮಸ್ ಷೆರಿಡನ್. ಆ ಷೆರಿಡನ್ ‘ಗೋಲ್ಡ್’ ಎಂಬುದನ್ನು ‘ಗೂಲ್ಡ್’ ಎನ್ನುತ್ತಿದ್ದುದರಿಂದ, ಒಬ್ಬ ವಿಮರ್ಶಕ ‘ಬೋಲ್ಡ್’, ‘ಟೋಲ್ಡ್’ ಎಂಬುವನ್ನು ‘ಬೂಲ್ಡ್’, ‘ಟೂಲ್ಡ್’ ಎಂದು ಹೇಳಿ ಅದೇ ಬಾಣವನ್ನು ಆತನ ಮೇಲೆಯೇ ತಿರುಗಿಸಿದನೆಂದೂ ವಾಕರ್ ಬರೆಯುತ್ತಾನೆ. ಈ ಹಾಸ್ಯ ಇಂಗ್ಲಿಷ್ ಅಕ್ಷರಗಳಿಗಿಂತ ನಮ್ಮ ಲಿಪಿಯಲ್ಲೇ ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ತಾವು ಗಮನಿಸಿರಬಹುದು. ವಾಕರನ ತೀರ್ಪು ಮಾತ್ರ ನೇರವಾಗಿದೆ: ಮಾತಿನಲ್ಲಿ ‘ವಿಂಡ್’ ಗೆದ್ದಾಗಿದೆ, ಪ್ರಾಸದ ಸೀಮೆಯೊಳಗೆ ಮಾತ್ರ ‘ವೈಂಡ್’ ಇನ್ನೂ ಆಳುತ್ತಿದೆ, ಗದ್ಯದಲ್ಲಿ ಹಾಗೆ ಹೇಳಿದರೆ ಪಾಂಡಿತ್ಯ ಪ್ರದರ್ಶನವೆನಿಸುತ್ತದೆ.

ಷೆಲ್ಲಿ ತನ್ನ ಕವಿತೆಯನ್ನು ಬರೆದದ್ದು 1819ರಲ್ಲಿ, ಇಟಲಿಯ ಫ್ಲಾರೆನ್ಸ್ ಬಳಿಯಲ್ಲಿ. ಅಷ್ಟರಲ್ಲಿ ದಿನಬಳಕೆಯ ಮಾತಿನಲ್ಲಿ ಗಾಳಿ ‘ವಿಂಡ್’ ಆಗಿತ್ತು. ಆದರೆ ಹಿಂದಿನ ಕವಿಗಳಿಂದ ಬಂದ ಪ್ರಾಸದ ಹಕ್ಕನ್ನು ಯಾರೂ ಕಸಿದುಕೊಂಡಿರಲಿಲ್ಲ. ಕೊನೆಯ ಭಾಗದಲ್ಲಿ ‘ಮ್ಯಾನ್‌ಕೈಂಡ್’, ‘ವೈಂಡ್’, ‘ಬಿಹೈಂಡ್’ ಎಂಬ ಮೂರನ್ನು ಆತ ಹೆಣೆದಿದ್ದಾನೆ. ತಮ್ಮ ಮಗಳಿಗೆ ಹೀಗೆ ಹೇಳಬಹುದು: ಕವಿ ತಪ್ಪಿಲ್ಲ, ಆತ ತನ್ನ ಕಾಲಕ್ಕೇ ಸ್ವಲ್ಪ ಹಳೆಯದಾಗಿದ್ದ ಉಚ್ಚಾರಣೆಯನ್ನು ಬಳಸಿದ್ದಾನೆ, ನಮ್ಮ ಕವಿಗಳು ಹೊಸಗನ್ನಡದ ನಡುವೆ ಹಳಗನ್ನಡದ ರೂಪವೊಂದನ್ನು ತಂದು ಕೂರಿಸುವ ಹಾಗೆ. ಗಟ್ಟಿಯಾಗಿ ಓದುವಾಗ ಇಂದಿನ ಹೆಚ್ಚಿನವರು ‘ವಿಂಡ್’ ಎಂದೇ ಓದುತ್ತಾರೆ. ಪ್ರಾಸ ಕಣ್ಣಿಗಷ್ಟೇ ಉಳಿಯುತ್ತದೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ಆ ಒಂದು ಕಡೆಯಲ್ಲಿ ‘ವೈಂಡ್’ ಎಂದು ಓದುವುದು ಕವಿತೆಗೆ ಹೆಚ್ಚು ನಿಷ್ಠವಾದದ್ದು. ಕವಿತೆಯ ಶೀರ್ಷಿಕೆಯನ್ನು ಹಾಗೆ ಓದಬೇಕಾಗಿಲ್ಲ, ಅಲ್ಲಿ ಪ್ರಾಸವಿಲ್ಲ.

ಎರಡೂ ಪದಗಳು ಒಂದೇ ಧ್ವನಿಯಲ್ಲಿ ಬೆರೆತಿದ್ದ ಕಾಲದ ಗುರುತೊಂದು ಇಂಗ್ಲಿಷ್ ವ್ಯಾಕರಣದಲ್ಲಿ ಇನ್ನೂ ಉಳಿದಿದೆ. ಬೇಟೆಗಾರರು ಕೊಂಬು ಊದುವುದಕ್ಕೆ ಗಾಳಿಯ ಹೆಸರಿನಿಂದಲೇ ಒಂದು ಕ್ರಿಯಾಪದ ಹುಟ್ಟಿತು. ಉಸಿರನ್ನು ಊದುವುದು ಎಂದು ಅರ್ಥ. ಆಗ ಗಾಳಿ ‘ವೈಂಡ್’ ಆಗಿದ್ದುದರಿಂದ ಈ ಕ್ರಿಯಾಪದವೂ ‘ವೈಂಡ್’ ಆಯಿತು. ಕಿವಿಗೆ ಒಂದೇ ಆಗಿದ್ದ ಸುತ್ತುವ ಕ್ರಿಯೆಯ ಭೂತಕಾಲ ‘ವೌಂಡ್’ ಎಂಬುದು ಇದಕ್ಕೂ ಬಂದು ಅಂಟಿತು. ಗಾಳಿಗೂ ‘ವೌಂಡ್’ ಎಂಬ ಭೂತಕಾಲಕ್ಕೂ ನ್ಯಾಯವಾದ ಸಂಬಂಧವೇ ಇಲ್ಲ, ಆದರೂ ಹಳೆಯ ಇಂಗ್ಲಿಷ್ ಕಥನಗಳಲ್ಲಿ ಕೊಂಬನ್ನು ಊದಿದರು ಎಂಬಲ್ಲಿ ಆ ರೂಪ ಸಿಗುತ್ತದೆ. ತಮ್ಮ ಮಿತ್ರರು ಇಂದು ಮಾಡಿದ ಊಹೆಯನ್ನು ಇಂಗ್ಲಿಷರ ನಾಲಗೆ ಅಂದೇ ಮಾಡಿಕೊಂಡಿತ್ತು ಎಂದು ಅವರಿಗೆ ತಿಳಿಸಬಹುದು. ಗಾಳಿ ‘ವಿಂಡ್’ ಆದ ಮೇಲೆ ಬೆಳೆದ ಬಳಕೆಗಳಲ್ಲಿ ಈ ಗೊಂದಲವಿಲ್ಲ. ಓಡಿ ಏದುಸಿರು ಬಂದವನು ‘ವಿಂಡೆಡ್’.

ಕಿಟಕಿಗಿರುವ ‘ವಿಂಡೋ’ ಎಂಬ ಹೆಸರಿನಲ್ಲಿಯೂ ಗಾಳಿಯೇ ಇದೆ. ಇದು ನಾರ್ಸ್ ಭಾಷೆಯ ‘ವಿಂಡ್‌ಔಗ’, ಅಂದರೆ ಗಾಳಿಯ ಕಣ್ಣು. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರಿಂದ ಬಂದ ಈ ಪದ 13ನೆಯ ಶತಮಾನದ ಇಂಗ್ಲಿಷ್ ಬರೆಹದಲ್ಲಿ ಕಾಣಿಸಿಕೊಳ್ಳುತ್ತದೆ. ಗಾಜಿಲ್ಲದ ಮನೆಗಳ ಕಾಲದ ಹೆಸರು ಎಂಬುದನ್ನು ನೆನೆದರೆ ಅದರ ಔಚಿತ್ಯ ತಿಳಿಯುತ್ತದೆ. ಅದಕ್ಕೂ ಹಿಂದೆ ಇಂಗ್ಲಿಷರು ಕಿಟಕಿಯನ್ನು ಕಣ್ಣಿನ ಬಾಗಿಲು, ಕಣ್ಣಿನ ತೂತು ಎಂಬರ್ಥದ ಪದಗಳಿಂದ ಕರೆಯುತ್ತಿದ್ದರು. ಸಂಸ್ಕೃತದಲ್ಲಿ ಕಿಟಕಿಗಿರುವ ಎರಡು ಹೆಸರುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಗವಾಕ್ಷದಲ್ಲಿ ಹಸುವಿನ ಕಣ್ಣು, ವಾತಾಯನದಲ್ಲಿ ಗಾಳಿಯ ದಾರಿ. ವಾತಾಯನದ ವಾತವೂ ‘ವಿಂಡೋ’ದ ವಿಂಡೂ ರಕ್ತಸಂಬಂಧಿಗಳು ಎಂದು ಆಗಲೇ ಹೇಳಿದ್ದೇನೆ. ಕಾಳು ತೂರುವ ಕೆಲಸಕ್ಕಿರುವ ‘ವಿನ್ನೋ’ ಎಂಬ ಪದವೂ ಗಾಳಿಯಿಂದಲೇ ಹುಟ್ಟಿದ್ದು. ಗಾಳಿ ಬಂದಾಗ ತೂರಿಕೋ ಎಂದ ನಮ್ಮ ಕಣದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಓದುಗರಿಗೆ ಈ ಸಮಸ್ಯೆ ವಿಚಿತ್ರವಾಗಿ ಕಾಣುವುದು ಸಹಜ. ನಮ್ಮಲ್ಲಿ ಉಚ್ಚಾರಣೆ ಬದಲಾದಾಗ ಬರೆಹವೂ ಅದರ ಹಿಂದೆ ನಡೆದಿದೆ. ಹಳಗನ್ನಡದಲ್ಲಿ ನಾಶವಾಗು ಎಂಬರ್ಥದ ‘ಅೞಿ’ ಬೇರೆ, ದುಂಬಿಯೆಂಬರ್ಥದ ‘ಅಳಿ’ ಬೇರೆ. ೞಕಾರ ಬಾಯಿಂದ ಮರೆಯಾದ ಮೇಲೆ ಲಿಪಿಯೂ ಅದನ್ನು ಬಿಟ್ಟುಕೊಟ್ಟು ಎರಡೂ ‘ಅಳಿ’ ಆದವು. ಇಂಗ್ಲಿಷಿನಲ್ಲಿ ಇದಕ್ಕೆ ವಿರುದ್ಧವಾಗಿ ಬಾಯಿ ಎರಡನ್ನು ಬೇರ್ಪಡಿಸಿತು, ಮುದ್ರಣದಲ್ಲಿ ನೆಲೆಗೊಂಡಿದ್ದ ಕಾಗುಣಿತ ಅಲ್ಲಾಡಲಿಲ್ಲ. ತಮ್ಮೂರಿನ ಅಂಗಡಿಯ ಕನ್ನಡ ಫಲಕದಲ್ಲಿ ‘ರೀವೈಂಡಿಂಗ್’ ಎಂದೇ ಬರೆದಿರುವುದರಿಂದ ಇಂಗ್ಲಿಷ್ ಓದದ ರೈತರೂ ಅದನ್ನು ಸರಿಯಾಗಿಯೇ ಹೇಳುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಿ ನಾವೆಲ್ಲ ‘ರಿವೈಂಡ್’ ಎಂದು ಕಲಿತದ್ದೂ ಕಿವಿಯಿಂದಲೇ. ಗೋಡೆ ಗಡಿಯಾರಕ್ಕೆ ಮಾತ್ರ ನಾವು ಕೀ ಕೊಡುತ್ತೇವೆ, ಇಂಗ್ಲಿಷರು ಅದನ್ನು ‘ವೈಂಡ್’ ಮಾಡುತ್ತಾರೆ. ಇನ್ನು ಗುಡ್ಡದ ಮೇಲಿನ ಯಂತ್ರದ ವಿಷಯ: ರೆಕ್ಕೆಗಳನ್ನು ತಿರುಗಿಸುವುದು ‘ವಿಂಡ್’, ಆದರೆ ಒಳಗಿನ ಜನರೇಟರಿನಲ್ಲಿ ವಿದ್ಯುತ್ತು ಹುಟ್ಟುವುದು ತಾಮ್ರದ ತಂತಿಯ ‘ವೈಂಡಿಂಗ್’ನಲ್ಲಿ.

ತಮ್ಮ ಕೊನೆಯ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಗಾಯವೆಂಬ ಅರ್ಥದ ಪದ ಹಳೆಯ ಇಂಗ್ಲಿಷಿನ ‘ವುಂಡ್’. ಸುತ್ತುವ ಕ್ರಿಯೆಗೆ ಅದರ ಸಂಬಂಧವಿಲ್ಲ. ಇದರ ಉಕಾರವೂ ‘ಂಡ್’ ಒತ್ತಿನ ಹಿಂದೆ ದೀರ್ಘವಾಯಿತು. ‘ಗ್ರೌಂಡ್’, ‘ಹೌಂಡ್’ ಎಂಬುವುಗಳಂತೆ ಇದು ‘ವೌಂಡ್’ ಆಗಬೇಕಿತ್ತು, ಹಿಂದೆ ಹಾಗೆ ಹೇಳುವವರೂ ಇದ್ದರು. ಆದರೆ ಮೊದಲಲ್ಲಿರುವ ವಕಾರವು ಪಕ್ಕದ ಊಕಾರವನ್ನು ಹಿಡಿದು ನಿಲ್ಲಿಸಿತೆಂದು ವಿದ್ವಾಂಸರು ವಿವರಿಸುತ್ತಾರೆ. ಆದ್ದರಿಂದ ದಾದಿ ಪಟ್ಟಿ ಸುತ್ತಿದಳು ಎಂಬಲ್ಲಿ ‘ವೌಂಡ್’, ಆ ಪಟ್ಟಿಯ ಕೆಳಗಿರುವುದು ‘ವೂಂಡ್’. ಬರೆಯುವಾಗ ಎರಡಕ್ಕೂ ಅವೇ ಐದು ಅಕ್ಷರಗಳು.

ಇತಿ,
ಸಂಪಾದಕ